ಘಾಟು ಬಾರದ ಮನೆ

ಯಾರೋ ಕೆಮ್ಮಿದರು, ಕಾರಿಡಾರಿನ ಆ ತುದಿಯಲ್ಲಿ, ಗಂಟಲು ಕೆರೆಯುವ ಒಣ ಕೆಮ್ಮು, ಸೌಮ್ಯಳ ಕಣ್ಣು ತಾನಾಗಿಯೇ ಮಗಳ ಮುಖಕ್ಕೆ ಹೋಯಿತು, ಇವಳೂ ಕೆಮ್ಮುತ್ತಾಳೇನೋ ಎಂದು — ಎಂಥ ಹುಚ್ಚು, ಒಬ್ಬರು ಕೆಮ್ಮಿದರೆ ಇನ್ನೊಬ್ಬರು ಯಾಕೆ ಕೆಮ್ಮಬೇಕು, ಇದು ಆಸ್ಪತ್ರೆ, ಇಲ್ಲಿ ಫಿನಾಯಿಲ್ ವಾಸನೆ ಬಿಟ್ಟರೆ ಗಾಳಿಯಲ್ಲಿ ಏನೂ ಇಲ್ಲ, ಮೆಣಸಿನಪುಡಿ ಇಲ್ಲ. ನಾಲ್ಕು ವರ್ಷದ ಮಗಳು ಪಕ್ಕದ ಕುರ್ಚಿಯಲ್ಲಿ ಕೂತು ಎದುರು ಗೋಡೆಯ ಪಟ ನೋಡುತ್ತಿದ್ದಾಳೆ, ಚರ್ಮ ಸುಲಿದ ಮನುಷ್ಯ, ಬೆನ್ನುಹುರಿಯಿಂದ ಹಳದಿ ದಾರಗಳು ಕೈಕಾಲಿಗೆ ಇಳಿದಿವೆ, ಅಮ್ಮಾ ಆ ಅಂಕಲ್ ಯಾಕೆ ಬಟ್ಟೆ ಹಾಕ್ಕೊಂಡಿಲ್ಲ, ಅದು ನರ ತೋರ್ಸಕ್ಕೆ ಕಂದಾ, ನರ ಅಂದ್ರೆ, ನರ ಅಂದ್ರೆ ವೈರು, ಕೈಗೆ ಏನಾದ್ರೂ ಆದ್ರೆ ತಲೆಗೆ ಹೇಳುತ್ತಲ್ಲ ಆ ವೈರು, ನಂಗೂ ಇದ್ಯಾ — ಇದೆ ಎಂದಳು ಸೌಮ್ಯ, ಎಷ್ಟು ಬೇಗ, ಎಷ್ಟು ಜೋರಾಗಿ ಎಂದರೆ ಆಚೆ ಕುರ್ಚಿಯ ಹೆಂಗಸು ತಿರುಗಿ ನೋಡಿದರು. ಬಾಗಿಲು ತೆರೆದು ನರ್ಸ್ ಕೂಗಿದಳು, ಚೂಡಾಮಣಿ, ಯಾರು ಚೂಡಾಮಣಿ, ಕಣ್ಣು ಹಿರಿಯರನ್ನು ಹುಡುಕುತ್ತಿತ್ತು, ಎಪ್ಪತ್ತು ದಾಟಿದ ಯಾವುದೋ ಅಜ್ಜಿಯನ್ನು. ಅತ್ತೆ ಅಕ್ಕಯಮ್ಮ ತಮ್ಮ ತಾಯಿಯ ಹೆಸರನ್ನೇ ಇಡಬೇಕೆಂದು ಹಟ ಹಿಡಿದಿದ್ದರು, ಸೌಮ್ಯ ಮಣಿ ಎಂದು ಕರೆದು ಸಮಾಧಾನ ಮಾಡಿಕೊಂಡಿದ್ದಳು. ಇವಳೇ ಸಿಸ್ಟರ್. ಓ ಈ ಪುಟ್ಟಿನಾ, ಇನ್ನೊಂದು ಐದ್ ನಿಮ್ಷ ಕೂತ್ಕೊಳಿ ಮೇಡಂ, ಒಳಗೆ ಒಬ್ರಿದ್ದಾರೆ.

ಕೂತಳು, ಕೂತರೆ ನಿನ್ನೆಯದೇ ಬರುತ್ತದೆ, ಆ ಕೈ. ನಿನ್ನೆ ತಿಂಡಿಯಾದ ಮೇಲೆ ಮಣಿ ಯಾವಾಗ ಮೆಟ್ಟಿಲಿಳಿದು ಮಿಲ್ಲಿಗೆ ಹೋದಳೋ ಗೊತ್ತಾಗಲಿಲ್ಲ, ಯಡಿಯೂರು ಕೆರೆಯ ಹಿಂದಿನ ಬೀದಿಯಲ್ಲಿ ಮಾವ ಬೋರಣ್ಣನವರ ಕಟ್ಟಡ, ಮೇಲೆ ಬಾಡಿಗೆಯವರು, ನಡುವಿನ ಮಹಡಿಯಲ್ಲಿ ಇವರು, ಕೆಳಗೆ ಮಿಲ್ಲು, ರಾಗಿಗೊಂದು ಯಂತ್ರ, ಗೋಧಿಗೊಂದು, ಮೆಣಸಿನಕಾಯಿಗೆ ಹಿಂದಿನ ಕೋಣೆಯಲ್ಲಿ ಬೇರೆ. ಬನಶಂಕರಿಯಿಂದ, ಗಿರಿನಗರದಿಂದ ಹೆಂಗಸರು ಬ್ಯಾಡಗಿಗೆ ಗುಂಟೂರು ಬೆರೆಸಿ ಡಬ್ಬ ತುಂಬಿಕೊಂಡು ಬರುತ್ತಾರೆ, ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ದೂರ ನಿಲ್ಲುತ್ತಾರೆ, ಅಂಥ ಒಬ್ಬರು ಕಿರುಚಿದ್ದು ಮಹಡಿಯವರೆಗೆ ಕೇಳಿಸಿತು, ಅಯ್ಯೋ ಮಗು ಕೈ ನೋಡ್ರೀ. ಬರಿಗಾಲಲ್ಲೇ ಓಡಿದಳು. ಯಂತ್ರದ ಬಾಯಿಂದ ಪುಡಿ ಸುರಿಯುತ್ತಿತ್ತು, ಆಗ ತಾನೇ ಅರೆದ ಪುಡಿ, ದೊಡ್ಡವರೂ ಬೆರಳು ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿ, ಅದರ ಕೆಳಗೆ ಮಣಿ ಬಲಗೈ ಒಡ್ಡಿಕೊಂಡು ನಿಂತಿದ್ದಳು, ಅಂಗೈ ತುಂಬಿ ಮುಂಗೈ ಮೇಲೆಲ್ಲ ಕೆಂಪು ಗುಡ್ಡೆ, ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ಬೋರಣ್ಣ ಸ್ವಿಚ್ ಆರಿಸಿ ನಗುತ್ತಿದ್ದರು, ಭೇಷ್ ಕಣವ್ವಾ, ಮಿಲ್ ಮನೆ ಹುಡ್ಗಿ ಅಂದ್ರೆ ಇದು, ನೀವ್ ನೋಡಿದ್ರೆ ಅಷ್ಟ್ ದೂರ ನಿಂತೇ ಸೀನ್ತೀರಲ್ಲ ಮೇಡಂ. ಅತ್ತೆ ಬಂದು ಮಗುವನ್ನು ಎತ್ತಿಕೊಂಡು ಹಿತ್ತಲ ನಲ್ಲಿಗೆ ಹೋದರು, ಸೌಮ್ಯ ಐಸ್ ತರಲು ಮೇಲೆ ಓಡಿದಳು, ಅವಳು ಬರುವ ಹೊತ್ತಿಗೆ ಕೈ ತೊಳೆದಾಗಿತ್ತು, ಕೊಬ್ಬರಿ ಎಣ್ಣೆ ಸವರಿ ಹತ್ತಿಯ ಬಟ್ಟೆ ಸುತ್ತಿ ಆಗಿತ್ತು, ಅದನ್ನು ಬಿಚ್ಚಿದ್ದು ಇವತ್ತು ಬೆಳಿಗ್ಗೆಯೇ, ಆಗ ಏನೂ ಉಳಿದಿರಲಿಲ್ಲ. ಸಂಜೆಯವರೆಗೆ ಕೇಳಲು ಧೈರ್ಯ ಬರಲಿಲ್ಲ. ಸಂಜೆ ಕೇಳಿದಳು, ಅತ್ತೆ, ತೊಳೆದಾಗ ಕೈ ಕೆಂಪಗಾಗಿತ್ತಾ. ಅಕ್ಕಯಮ್ಮ ಸೊಪ್ಪು ಬಿಡಿಸುತ್ತಾ ತಲೆಯೆತ್ತದೆ ಹೇಳಿದರು, ಕೆಂಪೂ ಇಲ್ಲ ಏನೂ ಇಲ್ಲ ಕಣೆ, ಹೂವಿನಂಗಿತ್ತು, ನೀನು ಸುಮ್ನೆ ಹೆದರ್ಕೋಬೇಡ.

ಹೆದರಬೇಡ ಎಂದು ಹೇಳಲೆಂದೇ ಅತ್ತೆ ಹೇಳಿದ ಆ ಒಂದು ಮಾತಿಗೇ ಅವಳು ಹೆದರಿದ್ದಳು. ಕೆಂಪಾಗಬೇಕಿತ್ತು. ಮೆಣಸಿನ ಖಾರ ತಗುಲಿದರೆ ಚರ್ಮದ ತೆಳು ನರಗಳೇ ರಕ್ತನಾಳಗಳನ್ನು ಹಿಗ್ಗಿಸುತ್ತವೆ, ತಗುಲಿದ ಜಾಗದ ಸುತ್ತಲೂ ಕೆಂಪು ಹರಡುತ್ತದೆ, ಆ ನರಗಳೇ ಇಲ್ಲವಾದರೆ ಹರಡುವುದಿಲ್ಲ, ಚರ್ಮ ಹೂವಿನಂತೆಯೇ ಇರುತ್ತದೆ. ಅತ್ತೆಗೆ ಇದು ಗೊತ್ತಿಲ್ಲ, ಗಂಡ ದೀಪಕ್‌ಗೂ ಗೊತ್ತಿಲ್ಲ, ಮದುವೆಗೆ ಮುಂಚೆ ಎರಡು ವರ್ಷ ಪ್ರಯೋಗಾಲಯದಲ್ಲಿ ಇಲಿಗಳ ಜೊತೆ ಕೆಲಸ ಮಾಡಿದ ಅವಳೊಬ್ಬಳಿಗೆ ಗೊತ್ತು, ಗೊತ್ತಿರದಿದ್ದರೆ ಎಷ್ಟು ಚೆನ್ನಾಗಿತ್ತು. ಹುಟ್ಟಿ ಎರಡು ದಿನದ ಇಲಿಮರಿ, ಕಣ್ಣು ಬಿಟ್ಟಿಲ್ಲ, ಮೈಮೇಲೆ ಕೂದಲಿಲ್ಲ, ಕಡಲೆಬೀಜದ ಹಾಗೆ ಗುಲಾಬಿ, ಅರಿವಳಿಕೆ ಕೊಟ್ಟು ಅದರ ಕತ್ತಿನ ಚರ್ಮದಡಿ ಮೆಣಸಿನ ಸಾರ, ಖಾರವನ್ನು ಖಾರ ಮಾಡುವ ಆ ಒಂದೇ ವಸ್ತು, ಸೂಜಿಯಲ್ಲಿ ಹೋಗುತ್ತದೆ. ದೊಡ್ಡ ಇಲಿಗೆ ಕೊಟ್ಟರೆ ನರ ಸ್ವಲ್ಪ ಕಾಲ ಮಂಕಾಗಿ ಮತ್ತೆ ಚೇತರಿಸಿಕೊಳ್ಳುತ್ತದೆ, ಮರಿಗೆ ಕೊಟ್ಟರೆ ನರವೇ ಬಹುಪಾಲು ಸಾಯುತ್ತದೆ, ಮತ್ತೆ ಬೆಳೆಯುವುದಿಲ್ಲ. ಅದೇ ಆ ಕೆಲಸದ ವಿಷಯ, ಮೊದಲ ದಿನಗಳಲ್ಲಿ ತಗುಲಿದ್ದು ಜನ್ಮವಿಡೀ ಉಳಿಯುತ್ತದೆ ಎನ್ನುವುದು. ದೊಡ್ಡದಾದ ಮೇಲೆ ಬಿಸಿ ತಟ್ಟೆಯ ಮೇಲೆ ಇಡುತ್ತಿದ್ದರು, ಸಾಮಾನ್ಯ ಇಲಿ ಪಂಜ ಎತ್ತುತ್ತದೆ, ನೆಕ್ಕುತ್ತದೆ, ಹಾರುತ್ತದೆ, ಸೂಜಿ ಚುಚ್ಚಿಸಿಕೊಂಡವುಗಳಲ್ಲಿ ಎಲ್ಲವೂ ಅಲ್ಲ, ಕೆಲವು, ಮೀಸೆ ಅಲ್ಲಾಡಿಸುತ್ತಾ ಸುಮ್ಮನೆ ಅತ್ತಿತ್ತ ನೋಡುತ್ತಾ ಕೂರುತ್ತಿದ್ದವು, ಸುಡುವ ಮುಂಚೆ ನಾವೇ ಎತ್ತಬೇಕಿತ್ತು. ಕೊನೆಗೆ ಸ್ಲೈಡು. ಬೆನ್ನುಹುರಿಯನ್ನು ಅಡ್ಡಕ್ಕೆ ಕತ್ತರಿಸಿದರೆ ನಡುವೆ ಬೂದು ಬಣ್ಣದ ಚಿಟ್ಟೆ, ಅದರ ಹಿಂದಿನ ರೆಕ್ಕೆಗಳ ತುದಿಯಲ್ಲಿ ನೋವನ್ನೂ ಉರಿಯನ್ನೂ ಹೊತ್ತು ಬರುವ ತೆಳು ನರಗಳು ಬಂದು ಸೇರುತ್ತವೆ, ಬಣ್ಣ ಹಾಕಿದರೆ ಕಾಡಿಗೆ ತೀಡಿದಂತೆ ಕಪ್ಪು ಪಟ್ಟಿ. ಆ ಇಲಿಗಳಲ್ಲಿ ಚಿಟ್ಟೆ ಇರುತ್ತಿತ್ತು, ರೆಕ್ಕೆಯ ತುದಿ ಬೋಳು. ಇಲಿ ಮಗುವಲ್ಲ, ಹೊಗೆ ಸೂಜಿಯಲ್ಲ. ನಿನ್ನೆಯಿಂದ ಅವಳು ಇದನ್ನೇ ಹೇಳಿಕೊಳ್ಳುತ್ತಿದ್ದಾಳೆ, ಇಲಿ ಮಗುವಲ್ಲ, ಹೊಗೆ ಸೂಜಿಯಲ್ಲ, ಮೆಣಸಿನ ಹೊಗೆಯಿಂದ ಮನುಷ್ಯರ ಕೂಸಿಗೆ ಹೀಗಾಗಿದೆ ಎಂದು ಯಾರೂ ಎಲ್ಲೂ ಬರೆದಿಲ್ಲ, ಅವಳು ಹುಡುಕಿದ್ದಾಳೆ, ಬರೆದಿಲ್ಲ — ಬರೆದಿಲ್ಲ ಎಂದರೆ ಆಗುವುದಿಲ್ಲ ಎಂದಲ್ಲ, ಯಾರೂ ನೋಡಿಲ್ಲ ಎಂದೂ ಆಗಬಹುದು, ಇಂಥ ಮನೆ ಇನ್ನೆಲ್ಲಿದೆ.

ಇಂಥ ಮನೆ. ಗಿರಿನಗರದ ತವರಿನಲ್ಲಿ ಅಮ್ಮನಿಗೆ ಆಗಷ್ಟೇ ಮಂಡಿ ಆಪರೇಷನ್ ಆಗಿತ್ತು, ಹಾಗಾಗಿ ಬಾಣಂತನ ಇಲ್ಲೇ, ಮಿಲ್ಲಿನ ಮೇಲೆ, ಆಸ್ಪತ್ರೆಯಿಂದ ಬಂದ ದಿನವೇ ಅಕ್ಕಯಮ್ಮ ದೃಷ್ಟಿ ತೆಗೆದರು. ಹಿಡಿ ಉಪ್ಪು, ಒಣಮೆಣಸಿನಕಾಯಿ, ಸಾಸಿವೆ, ಮಗುವಿನ ತಲೆಯಿಂದ ಕಾಲಿನವರೆಗೆ ನೀವಾಳಿಸಿ, ಹೋದೋರ್ ಕಣ್ಣು ಬಂದೋರ್ ಕಣ್ಣು ಎಂದು ಗೊಣಗಿ ಕೆಂಡದ ಮೇಲೆ ಹಾಕಿದರು, ಹಾಕಿ ಮೂಗು ಮುಂದೆ ಮಾಡಿ ಕಾದರು. ಘಾಟು ಬಂದರೆ ದೃಷ್ಟಿ ಇಲ್ಲ, ಘಾಟು ಬಾರದಿದ್ದರೆ ದೃಷ್ಟಿ ತಾಕಿದೆ, ಇದು ಎಲ್ಲರ ಮನೆಯ ಲೆಕ್ಕ. ಅತ್ತೆ ಕೆಮ್ಮಲಿಲ್ಲ, ಮಾವ ಕೆಮ್ಮಲಿಲ್ಲ, ದೀಪಕ್ ಬಾಗಿಲಲ್ಲಿ ನಿಂತು ಮೊಬೈಲ್ ನೋಡುತ್ತಿದ್ದ, ಅತ್ತೆ ಅಂದರು, ನೋಡಿದ್ಯಾ, ಒಂದ್ ಚೂರೂ ಘಾಟಿಲ್ಲ, ಎಷ್ಟ್ ಜನರ ಕಣ್ಣು ಬಿದ್ದಿದೆಯೋ ನನ್ ಕೂಸಿನ ಮೇಲೆ, ಇನ್ನೊಂದ್ ಹಿಡಿ ಹಾಕ್ತೀನಿ ಇರು. ಸೌಮ್ಯ ದಿಂಬಿನಲ್ಲಿ ಮುಖ ಮುಚ್ಚಿ ಕೆಮ್ಮಿ ಕೆಮ್ಮಿ ಹೊಲಿಗೆ ಹಾಕಿದ ಜಾಗ ಹರಿದುಹೋಗುತ್ತದೆ ಎನ್ನುವಷ್ಟು ಕೆಮ್ಮಿದಳು, ಅತ್ತೆ, ನಂಗೆ ಘಾಟ್ ಬರ್ತಿದೆ, ನೀನು ಬಾಣಂತಿ, ನಿಂಗೆ ನೆಗಡಿ, ನಿನ್ ಲೆಕ್ಕ ಬರಲ್ಲ. ನಲವತ್ತು ವರ್ಷ ಮೆಣಸಿನಪುಡಿಯ ನಡುವೆ ಬದುಕಿದ ಮೂಗುಗಳು ಅವು, ಆ ಮನೆಯಲ್ಲಿ ಯಾರಿಗೆ ತಾನೆ ಘಾಟು ಬಂದೀತು, ಯಾವತ್ತು ಸುಟ್ಟರೂ ದೃಷ್ಟಿ ಆಗಿಯೇ ಇರುತ್ತದೆ, ಆಗಿದೆ ಎಂದು ಮತ್ತೆ ಸುಡುತ್ತಾರೆ, ಬಾಗಿಲು ಮುಚ್ಚಿ, ಗಾಳಿಗೆ ಬಾಣಂತಿಗೆ ಶೀತ ಆಗುತ್ತದೆಂದು ಕಿಟಕಿಯನ್ನೂ ಮುಚ್ಚಿ, ಹೊಗೆ ತೊಟ್ಟಿಲಿನ ಮಟ್ಟಕ್ಕೆ ಇಳಿಯುತ್ತದೆ, ಒಳಗೆ ಎರಡು ದಿನದ, ಮೂರು ದಿನದ, ನಾಲ್ಕು ದಿನದ ಮಗು. ಸೌಮ್ಯ ಬೇಡ ಅಂದಿದ್ದಳು, ಅಂದಾಗ ಅತ್ತೆ ಅತ್ತುಬಿಟ್ಟರು, ನಾನೇನು ಮಗೂಗೆ ವಿಷ ಹಾಕ್ತೀನಾ, ಪ್ರೀತಿಗೇ ಅಳುವವರ ಮುಂದೆ ಏನು ಹೇಳುವುದು. ಮೊದಲ ದಿನ ಮಗು ಕೆಮ್ಮಿತ್ತು, ಚೀರಿತ್ತು, ಅದು ನೆನಪಿದೆ. ಆಮೇಲೆ? ಆಮೇಲಿನದು ನೆನಪಿಲ್ಲ. ಎಂದು ನಿಂತಿತು ಕೆಮ್ಮು? ತನ್ನ ಕೆಮ್ಮು ಎಂದು ನಿಂತಿತು ಎಂಬುದೂ ನೆನಪಿಲ್ಲ, ನಿಂತಿದೆಯಂತೂ ಹೌದು, ಈಗ ಅವಳೂ ಮಿಲ್ ಕೋಣೆಯಲ್ಲಿ ಮೂಗು ಮುಚ್ಚದೆ ನಿಂತು ಮಾತಾಡುತ್ತಾಳೆ, ಆದರೆ ಅವಳದು ದೊಡ್ಡ ಇಲಿಯ ನರ, ಮಂಕಾಗಿದ್ದು ಚೇತರಿಸಿಕೊಳ್ಳುತ್ತದೆ, ಬಿಡು, ಇಲಿ ಮಗುವಲ್ಲ.

ಚೂಡಾಮಣಿ, ಬನ್ನಿ. ಒಳಗೆ ಡಾಕ್ಟರ್ ಮೇಡಂ ನಗುಮುಖದವರು, ಬಾ ಚಿನ್ನಾ, ಒಂದು ಆಟ ಆಡೋಣ, ಕೈ ಮೇಲೆ ಇರುವೆ ಕಚ್ಚಿದಂಗೆ ಆಗುತ್ತೆ ಅಷ್ಟೇ, ಮಣಿಯ ಬೆರಳಿಗೆ ಉಂಗುರದಂತೆ ತಂತಿ ಸುತ್ತಿದರು, ಮುಂಗೈಗೆ ಪಟ್ಟಿ ಅಂಟಿಸಿದರು, ಟಕ್, ಟಕ್, ಪರದೆಯ ಮೇಲೆ ಒಂದು ಗುಡ್ಡ ಎದ್ದು ಇಳಿಯಿತು, ಮತ್ತೊಂದು, ಮಣಿ ಕಿಲಕಿಲ ನಕ್ಕಳು, ಅಮ್ಮಾ ಬೆರಳು ಡ್ಯಾನ್ಸ್ ಮಾಡ್ತಿದೆ. ಗುಡ್ಡಗಳು ಚೆನ್ನಾಗಿದ್ದವು, ಎತ್ತರವಾಗಿದ್ದವು, ಸೌಮ್ಯಳಿಗೆ ಅದು ಕಾಣುತ್ತಿತ್ತು, ಕಂಡರೂ ಸಮಾಧಾನವಾಗಲಿಲ್ಲ, ಏಕೆಂದರೆ — ಸೂಪರ್, ಎಲ್ಲ ನಾರ್ಮಲ್ ಅಮ್ಮಾ, ಎಂದರು ಡಾಕ್ಟರ್. ಮೇಡಂ, ಇದು ದಪ್ಪ ನರಗಳದ್ದಲ್ವಾ, ಸ್ಪರ್ಶದ್ದು, ನೋವು ಬಿಸಿ ತರೋ ತೆಳು ನರ ಇದ್ರಲ್ಲಿ ಕಾಣಲ್ಲ ಅಲ್ವಾ. ಡಾಕ್ಟರ್ ಕನ್ನಡಕ ತೆಗೆದು ಅವಳನ್ನು ನೋಡಿದರು, ನೀವು ಮೆಡಿಕಲ್ಲಾ, ಅಲ್ಲ ಮೇಡಂ, ಲ್ಯಾಬಲ್ಲಿದ್ದೆ. ಹೌದು, ಇದ್ರಲ್ಲಿ ಕಾಣಲ್ಲ. ಸುಳ್ಳು ಹೇಳಲಿಲ್ಲ ಆಕೆ, ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು. ಸೌಮ್ಯ ಹೊಗೆಯ ಕಥೆ ಹೇಳಿದಳು, ಪುಡಿಯ ಕಥೆ ಹೇಳಿದಳು, ಇಲಿಗಳ ಕಥೆ ಅರ್ಧ ಹೇಳಿ ನಿಲ್ಲಿಸಿದಳು. ನೋಡಿ, ಹೊಗೆಯಿಂದ ಹಂಗಾಗೋದು ನಾನು ಕೇಳಿಲ್ಲ, ಓದೂ ಇಲ್ಲ, ಹುಟ್ಟಿನಿಂದಲೇ ನೋವು ಗೊತ್ತಾಗದ ಕಾಯಿಲೆಗಳು ಬೇರೆ ಇವೆ, ತುಂಬಾ ಅಪರೂಪ, ಒಂದ್ ಸಲ ಚುಚ್ಚಿ ನೋಡೋಣ. ಮೊಂಡು ಪಿನ್ನು, ಆಮೇಲೆ ಚೂಪು ಪಿನ್ನು, ಕಣ್ಮುಚ್ಚಿಕೋ ಚಿನ್ನಾ, ಇದು ಚುಚ್ಚುತ್ತಾ? ಇಲ್ಲ. ಇದು? ಇಲ್ಲ. ಇದು? ಇಲ್ಲ. ಮಣಿಯ ದನಿಯಲ್ಲಿ ಏನೋ ಖುಷಿ, ಪ್ರಶ್ನೆ ಮುಗಿಯುವ ಮುಂಚೆಯೇ ಇಲ್ಲ, ಡಾಕ್ಟರರ ನಗು ಸ್ವಲ್ಪ ಸ್ವಲ್ಪವಾಗಿ ಸಣ್ಣದಾಗುತ್ತಿರುವುದನ್ನು ಸೌಮ್ಯ ನೋಡುತ್ತಿದ್ದಳು, ಚೂಪು ಪಿನ್ನು ಮೊಣಕಾಲಿನ ಹತ್ತಿರ, ಇಲ್ಲ, ಪಿನ್ನನ್ನು ಟ್ರೇಯಲ್ಲಿಟ್ಟ ಸದ್ದು. ಚಿಕ್ಕ ಮಕ್ಕಳ ಉತ್ತರ ನಂಬಕ್ಕಾಗಲ್ಲ ಅಮ್ಮಾ. ಚರ್ಮದ್ದು ಒಂದು ಚೂರು ತೆಗೆದು ನೋಡೋ ಟೆಸ್ಟಿದೆ, ಈಗ್ಲೇ ಬೇಡ, ಮನೇಲಿ ಗಮನ್ಸಿ, ಬಿದ್ದಾಗ, ಬಿಸಿ ತಗುಲಿದಾಗ ಏನ್ ಮಾಡ್ತಾಳೆ ನೋಡಿ, ಮುಂದಿನ್ ತಿಂಗಳು ಬನ್ನಿ, ಅಲ್ಲಿವರೆಗೆ ಆ ಮಿಲ್ಲಿಂದ ದೂರ ಇಡಿ, ಪುಡಿಯಿಂದ ಶ್ವಾಸಕೋಶಕ್ಕಂತೂ ಒಳ್ಳೇದಲ್ಲ. ಗಮನಿಸಿ. ಗಮನಿಸುವುದೆಂದರೆ ಏನು, ಬಿಸಿ ತಗುಲುವವರೆಗೆ ಕಾಯುವುದೇ.

ಹೊರಗೆ ಜಯನಗರದ ನಾಲ್ಕನೇ ಬ್ಲಾಕಿನ ಬಿಸಿಲು, ಹೂವಿನವರು, ಆಟೋ, ಜನ, ಎಲ್ಲರ ಬೆನ್ನೊಳಗೂ ಒಂದೊಂದು ಚಿಟ್ಟೆ, ರೆಕ್ಕೆಯ ತುದಿ ಕಪ್ಪಗೆ ಇರುವ ಚಿಟ್ಟೆ, ಇವಳ ಕೈ ಹಿಡಿದಿರುವ ಈ ಪುಟ್ಟ ಕೈಯ ಹಿಂದೆ ಮಾತ್ರ — ದೀಪಕ್ ಫೋನ್ ಮಾಡಿದ, ಏನಂದ್ರು, ನಾರ್ಮಲ್ ಅಂದ್ರು, ನಾನ್ ಹೇಳಿಲ್ವಾ, ನೀನು ಗೂಗಲ್ ನೋಡಿ ನೋಡಿ ಸಾಯ್ತೀಯ, ಮಣಿಗೆ ಫೋನ್ ಕೊಡು, ಮಗಾ, ಏನ್ ಮಗಾ ಡಾಕ್ಟ್ರು ಸೂಜಿ ಚುಚ್ಚಿದ್ರಾ, ನಾನು ಅಳ್ಲೇ ಇಲ್ಲ ಅಪ್ಪಾ, ಸಖತ್ ಮಗಾ. ಬಾದಾಮಿ ಹಾಲು ಬೇಕು ಎಂದಳು ಮಣಿ. ದರ್ಶಿನಿಯ ಹೊರಗೆ ಕಲ್ಲುಬೆಂಚು, ಅದರ ಮೇಲೆ ಕೂರಿಸಿ ಹಾಲು ತಂದಳು, ಸ್ಟೀಲ್ ಲೋಟ, ಅಂಚಿನಲ್ಲಿ ಹಿಡಿದು ತರುವಾಗಲೇ ಎರಡು ಸಲ ಬೆರಳು ಬದಲಾಯಿಸಿದಳು, ಬೆಂಚಿನ ಮೇಲಿಟ್ಟಳು, ಆರಲಿ ಎನ್ನಬೇಕಿತ್ತು, ಎನ್ನಲಿಲ್ಲ. ಮಣಿ ಕೈ ಚಾಚಿದಳು. ಬೇಡ ಎನ್ನಬೇಕಿತ್ತು, ಯಾವ ತಾಯಿಯಾದರೂ ಬೇಡ ಎನ್ನುತ್ತಾಳೆ, ನಾಲಿಗೆಯ ತುದಿಗೆ ಬಂದಿತ್ತು, ಮನೇಲಿ ಗಮನ್ಸಿ ಅಮ್ಮಾ, ಒಂದೇ ಕ್ಷಣ, ಸುಡುವಷ್ಟಿಲ್ಲ, ಚುರ್ ಅನ್ನುವಷ್ಟು, ಒಂದೇ ಕ್ಷಣ ನೋಡಿ ಎತ್ತಿಬಿಡುತ್ತೇನೆ — ಹಾಗೆಯೇ ಅಲ್ಲವೇ ಆ ಬಿಸಿ ತಟ್ಟೆಯ ಇಲಿಗಳನ್ನೂ, ನೋಡಿ ಎತ್ತಿಬಿಡುವುದು. ಪುಟ್ಟ ಅಂಗೈ ಲೋಟವನ್ನು ಪೂರ್ತಿ ಬಳಸಿ ಹಿಡಿಯಿತು. ಎತ್ತು, ಕೈ ಎತ್ತು ಕಂದಾ, ಎತ್ತಿ ಕಿರುಚು, ಬೀದಿಯವರೆಲ್ಲ ನೋಡುವ ಹಾಗೆ ಅಳು, ಅತ್ತರೆ ನಿನಗೆ ಏನು ಬೇಕೋ ಕೊಡಿಸುತ್ತೇನೆ. ಕೈ ಹಾಗೇ ಇದೆ. ಬಿಸಿ ಇದ್ಯಾ ಮಣಿ? ಇಲ್ಲ. ಉರಿಯುತ್ತಾ? ಇಲ್ಲ. ಮಗು ಅವಳನ್ನೇ ನೋಡುತ್ತಿದೆ, ನಗುತ್ತಾ, ಕಣ್ಣು ಮಿಟುಕಿಸದೆ, ಲೋಟವನ್ನಲ್ಲ, ಅವಳ ಮುಖವನ್ನು, ಏನನ್ನೋ ಕಾಯುವವರಂತೆ, ಮತ್ತು ಟಪ್ ಎಂದು ಏನೋ ನೆಲಕ್ಕೆ ಬಿತ್ತು, ಮಗುವಿನ ಚಪ್ಪಲಿ, ಸೌಮ್ಯ ಬಗ್ಗಿದಳು, ಬಗ್ಗಿದಾಗ ಬೆಂಚಿನ ಕೆಳಗೆ ತೂಗುವ ಪಾದ ಕಂಡಿತು. ಬೆರಳುಗಳು. ಐದೂ ಬೆರಳು ಒಳಕ್ಕೆ ಮಡಿಚಿಕೊಂಡು, ಅಂಗಾಲು ಸುಕ್ಕುಗಟ್ಟಿ, ಒತ್ತಿ ಹಿಡಿದ ಬಿಗುವಿಗೆ ತುದಿಗಳು ಬಿಳುಚಿ, ನಡುಗುತ್ತಿವೆ. ತಲೆಯೆತ್ತಿದಳು, ನಗುವ ಮುಖ. ಬಗ್ಗಿದಳು, ಮಡಿಚಿದ ಬೆರಳು.

ಲೋಟ ಕಿತ್ತು ಇಟ್ಟಳೋ ಚೆಲ್ಲಿದಳೋ, ಹಾಲು ಬೆಂಚಿನ ಮೇಲೆ ಹರಿಯುತ್ತಿದೆ, ಕೈಯನ್ನು ತಿರುಗಿಸಿ ನೋಡಿದಳು, ಕೆಂಪು, ಅಂಗೈಯೆಲ್ಲ ಕೆಂಪು, ಕೆಂಪಿದೆ, ನೀರಿನ ಬಾಟಲಿ ಬಗ್ಗಿಸಿದಳು, ಉರೀತಿತ್ತಾ ಕಂದಾ, ನಿಜ ಹೇಳು, ಬೈಯಲ್ಲ, ಉರೀತಿತ್ತಾ. ಮಣಿ ಸುತ್ತ ನೋಡಿದಳು, ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ, ತಾತ ಇರಲಿಲ್ಲ, ಅಮ್ಮಾ ನಾನು ಗೆದ್ನಾ? ಗೆದ್ದೆ ಎನ್ನಬೇಕೋ ಸೋತೆ ಎನ್ನಬೇಕೋ, ನರ ಇದೆ, ಇದೆ, ಕೈಯಿಂದ ಬೆನ್ನುಹುರಿಗೆ, ಅಲ್ಲಿಂದ ಮೇಲಕ್ಕೆ ಎಲ್ಲ ಸರಿಯಾಗಿ ಬಂದು ಮುಟ್ಟುತ್ತಿದೆ, ಚಿಟ್ಟೆಯ ರೆಕ್ಕೆಗೆ ಬಣ್ಣವಿದೆ, ದೇವರೇ ಇದೆ ಎಂದು ಮಗುವನ್ನು ಎದೆಗೆ ಒತ್ತಿಕೊಂಡಳು, ಒತ್ತಿಕೊಂಡ ಅರೆಗಳಿಗೆಯಲ್ಲೇ ಆ ಸಮಾಧಾನದ ಕೆಳಗಿನ ನೆಲ ಜಾರಿತು. ಹಾಗಾದರೆ ನಿನ್ನೆಯೂ ಕೈ ಕೆಂಪಾಗಿತ್ತು, ಹೂವಿನಂಗಿತ್ತು ಎಂದು ಅತ್ತೆ ಹೇಳಿದ್ದು ಬರೀ ಸಮಾಧಾನಕ್ಕೆ. ಹಾಗಾದರೆ ಪಿನ್ನು ಚುಚ್ಚಿತ್ತು. ಹಾಗಾದರೆ ನಿನ್ನೆಯ ಪುಡಿ, ಅಂಗೈ ತುಂಬ, ಆ ಬಿಸಿ, ಆ ಉರಿ, ಎಲ್ಲವೂ ಇವಳಿಗೆ ಗೊತ್ತಾಗುತ್ತಿತ್ತು, ಗೊತ್ತಾಗುತ್ತಲೇ ನಿಂತಿದ್ದಳು, ಕೆಮ್ಮದವರಿಗೆ ಭೇಷ್ ಎನ್ನುವ, ಅಳದವರಿಗೆ ಸಖತ್ ಎನ್ನುವ ಮನೆಯಲ್ಲಿ. ಕಳೆದ ತಿಂಗಳು ಮಣಿಯ ದಿಂಬಿನ ಮೇಲೆ ಕೀವು ಕಂಡಾಗಲೇ ಕಿವಿ ಸೋರುತ್ತಿರುವುದು ತಿಳಿದದ್ದು, ಎಷ್ಟು ದಿನದಿಂದ ನೋಯುತ್ತಿತ್ತೋ, ಎಂಥ ಒಳ್ಳೇ ಮಗು, ಒಂದು ದಿನವೂ ಹಟ ಇಲ್ಲ, ಎಂದಿದ್ದಳು, ಅವಳೇ, ಅವಳ ಬಾಯಲ್ಲೇ. ನರ ಸತ್ತಿದ್ದರೆ ಡಾಕ್ಟರಿಗೆ ಕಾಣುತ್ತಿತ್ತು, ಚರ್ಮದ ಚೂರಿನಲ್ಲಿ ಕಾಣುತ್ತಿತ್ತು, ಇದು ಯಾವ ಸ್ಲೈಡಿನಲ್ಲಿ ಕಾಣುತ್ತದೆ, ಇದಕ್ಕೆ ಯಾವ ಬಣ್ಣ ಹಾಕುವುದು, ನಾಳೆ ಹೊಟ್ಟೆಯಲ್ಲಿ ಏನೋ ಒಡೆದರೆ, ಶಾಲೆಯಲ್ಲಿ ಯಾರೋ ಹೊಡೆದರೆ, ವ್ಯಾನಿನಲ್ಲಿ ಯಾರೋ ಕೈ — ನೋವಾಗ್ತಿದ್ಯಾ ಮಣಿ ಎಂದು ಅವಳು ಕೇಳುತ್ತಾಳೆ, ದಿನವೂ ಕೇಳುತ್ತಾಳೆ, ಹತ್ತು ವರ್ಷಕ್ಕೂ ಕೇಳುತ್ತಾಳೆ, ಹದಿನೈದಕ್ಕೂ, ಮತ್ತು ಮಗಳು ಮುಖ ನೋಡಿ ನಗುತ್ತಾಳೆ, ಇಲ್ಲಮ್ಮಾ, ಅಂಥದ್ದೊಂದು ನಗು, ಅದನ್ನು ನಂಬುವುದೇ, ನಂಬದಿರುವುದೇ, ಪ್ರತಿ ಸಲವೂ ಬಗ್ಗಿ ನೋಡುವುದೇ, ಮೇಲೆ ಇಲ್ಲ ಎನ್ನುವ ಮುಖ, ಕೆಳಗೆ, ಯಾರ ಕಣ್ಣೂ ಹೋಗದ ಕಡೆ, ಮಡಿಚಿದ ಬೆರಳು, ಬಿಳುಚಿದ ತುದಿ, ಪುಟ್ಟ ಪಾದ, ಮಡಿಚಿದ ಬೆರಳು, ಒಳಕ್ಕೆ, ಇನ್ನೂ ಒಳಕ್ಕೆ